ಗುಂಡಿ ಹಾಕಿಕೊಳ್ಳುವುದೂ ಒಂದು ಗೆಲುವು

ಶಸ್ತ್ರಚಿಕಿತ್ಸೆ ಮುಗಿಯಿತು, ಗಡ್ಡೆ ಹೋಯಿತು, ರೋಗಿ ಮನೆಗೆ ಮರಳಿದರು. ಆದರೆ ಅಂಗಿಯ ಗುಂಡಿ ಹಾಕಲು ಬೆರಳು ಒಲ್ಲದು. ತಲೆ ಬಾಚಲು ಕೈ ಮೇಲೇಳದು. ಪ್ರಾಣ ಉಳಿಯಿತು, ದಿನಚರಿ ಕೈತಪ್ಪಿತು. ಅದನ್ನು ಮರಳಿ ಕೊಡಿಸುವುದೇ ಆಕ್ಯುಪೇಷನಲ್ ಥೆರಪಿಸ್ಟರ ಕೆಲಸ.

ಹೆಸರು ಕೇಳಿ ಇದು ನೌಕರಿ ಕೊಡಿಸುವ ವಿದ್ಯೆ ಎಂದುಕೊಳ್ಳುವವರುಂಟು. ಇಲ್ಲಿ ‘ಆಕ್ಯುಪೇಷನ್’ ಎಂದರೆ ಸ್ನಾನ, ಊಟ, ಅಡುಗೆ, ಓದು, ಆಟ, ದುಡಿಮೆ ಎಲ್ಲವೂ.

ಸ್ತನ ಕ್ಯಾನ್ಸರಿಗೆ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ಕೆಲವರ ತೋಳು ಬಾತುಕೊಳ್ಳುತ್ತದೆ, ಭುಜ ಬಿಗಿಯುತ್ತದೆ. ಬಾಯಿಯ ಕ್ಯಾನ್ಸರಿಗಾಗಿ ಕುತ್ತಿಗೆಯ ಶಸ್ತ್ರಚಿಕಿತ್ಸೆಯಾದಾಗ ನರಕ್ಕೆ ಪೆಟ್ಟಾಗಿ ಭುಜ ಜೋಲಬಹುದು. ಕೆಲವು ಕಿಮೊಥೆರಪಿ ಔಷಧಗಳಿಂದ ಬೆರಳ ತುದಿ ಜೋಮು ಹಿಡಿಯುತ್ತದೆ. ಬಿಸಿ ಪಾತ್ರೆ ಮುಟ್ಟಿದರೂ ಥಟ್ಟನೆ ತಿಳಿಯದು. ಇನ್ನು ಆಯಾಸವಂತೂ ನಿದ್ದೆ ಮಾಡಿದರೂ ಹೋಗದಂಥದು. ಯಾವ ಕೆಲಸ ಮೊದಲು, ಯಾವುದನ್ನು ಬಿಡಬಹುದು, ತರಕಾರಿಯನ್ನು ಕುಳಿತು ಹೆಚ್ಚುವುದು ಹೇಗೆ, ನಡುವೆ ಎಷ್ಟು ವಿಶ್ರಾಂತಿ ಎಂಬುದನ್ನು ಥೆರಪಿಸ್ಟ್ ರೋಗಿಯೊಡನೆ ಕುಳಿತು ಗೊತ್ತುಮಾಡುತ್ತಾರೆ. ಗುಣವಾಗದ ಹಂತದಲ್ಲೂ ಕೆಲಸ ನಿಲ್ಲುವುದಿಲ್ಲ. ಲೋಟವನ್ನು ತಾವೇ ಹಿಡಿದು ಕುಡಿಯುವುದು, ಮನೆಯವರೊಂದಿಗೆ ಕುಳಿತು ಉಣ್ಣುವುದು ಆಗಿನ ಗುರಿ.

ಭಾರತದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ ಇಲ್ಲಿಗೆ ಬಂದ ಅವರು, ನಡುವಯಸ್ಸಿನಲ್ಲಿ ಫಿಲಡೆಲ್ಫಿಯಾದಲ್ಲಿ ಈ ಶಿಕ್ಷಣ ಪಡೆದರು. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ತರಬೇತಿ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ರೂಪುಗೊಂಡಿತು. ಅದೇ ವರ್ಷ ಸ್ಥಾಪನೆಯಾದ ವಿಶ್ವ ಒಕ್ಕೂಟಕ್ಕೆ ಭಾರತವೂ ಸ್ಥಾಪಕ ಸದಸ್ಯ. ಚಿಕಿತ್ಸೆಯ ಜೊತೆಗೆ ಬೋಧನೆಯನ್ನೂ ಕೈಗೆತ್ತಿಕೊಂಡದ್ದರಿಂದಲೇ ಅವರ ಕೆಲಸ ಒಂದು ಆಸ್ಪತ್ರೆಗೆ ಸೀಮಿತವಾಗಲಿಲ್ಲ.

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಬಿ.ಓ.ಟಿ. ಪದವಿಗೆ ಸೇರಬಹುದು. ನಾಲ್ಕು ವರ್ಷದ ಪಾಠ, ನಂತರ ಇಂಟರ್ನ್‌ಶಿಪ್. ನಮ್ಮ ಮಣಿಪಾಲದಲ್ಲಿ, ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಈ ಶಿಕ್ಷಣವಿದೆ. ಮುಂದೆ ಎರಡು ವರ್ಷದ ಎಂ.ಓ.ಟಿ. ಮಾಡಿದರೆ ಬೋಧನೆಯ ಬಾಗಿಲೂ ತೆರೆಯುತ್ತದೆ. ಕ್ಯಾನ್ಸರ್ ವಾರ್ಡಿನಲ್ಲಿ ದುಡಿದ ಅನುಭವಿ, ತರಗತಿಗೆ ಬಂದಾಗ ಪುಸ್ತಕದ ಅಂಗರಚನೆಗೆ ಜೀವ ಬರುತ್ತದೆ. ರೋಗಿಯ ತೋಳನ್ನಷ್ಟೇ ನೋಡದೆ, ಆ ತೋಳು ಮನೆಯಲ್ಲಿ ಏನು ಮಾಡುತ್ತಿತ್ತು ಎಂದು ಕೇಳುವುದನ್ನು ವಿದ್ಯಾರ್ಥಿಗಳು ಕಲಿಯುವುದು ಅಂಥವರಿಂದಲೇ.

ಪಾಲಕರು ಶುಲ್ಕ ಕಟ್ಟುವ ಮುನ್ನ ಕಾಲೇಜಿನ ಮಾನ್ಯತೆ ವಿಚಾರಿಸಲಿ. 2021ರ ರಾಷ್ಟ್ರೀಯ ಕಾಯ್ದೆಯ ವ್ಯಾಪ್ತಿಗೆ ಈ ವೃತ್ತಿಯೂ ಬಂದಿದೆ. ಮಕ್ಕಳ ಸ್ವಭಾವವನ್ನೂ ಗಮನಿಸಲಿ. ಒಂದು ಗುಂಡಿಗಾಗಿ ವಾರಗಟ್ಟಲೆ ಕಾಯುವ ತಾಳ್ಮೆ, ನೋವಿನೆದುರು ಮುಖ ತಿರುಗಿಸದ ಮನಸ್ಸು ಇಲ್ಲಿ ಅಂಕಗಳಷ್ಟೇ ಮುಖ್ಯ. ಅವೆರಡೂ ಇದ್ದವರಿಗೆ ಈ ಹಾದಿ ಖಂಡಿತ ಹೇಳಿ ಮಾಡಿಸಿದ್ದು.