ಕಾಸು ಕೊಟ್ಟವರಿಗೇ ಬೀಗ

2021ರ ಕೊನೆಯಲ್ಲಿ ಇಂಟೆಲ್‌ನ 12ನೇ ತಲೆಮಾರಿನ ‘ಆಲ್ಡರ್ ಲೇಕ್’ ಪ್ರೊಸೆಸರ್‌ಗಳು ಮಾರುಕಟ್ಟೆಗೆ ಬಂದಾಗ, ದುಡ್ಡು ಕೊಟ್ಟು ಕೊಂಡಿದ್ದ ಎಷ್ಟೋ ವಿಡಿಯೊ ಗೇಮ್‌ಗಳು ಹೊಸ ಕಂಪ್ಯೂಟರಿನಲ್ಲಿ ಕೈಕೊಟ್ಟವು. ಕೆಲವು ಶುರುವಾಗಲೇ ಇಲ್ಲ, ಕೆಲವು ಆಡುತ್ತಿರುವಾಗಲೇ ನಿಂತವು. ಇಂಥ ಐವತ್ತಕ್ಕೂ ಹೆಚ್ಚು ಗೇಮ್‌ಗಳ ಪಟ್ಟಿಯನ್ನು ಇಂಟೆಲ್ ತಾನೇ ಪ್ರಕಟಿಸಿತು. ಎಡವಿದ್ದು ಗೇಮಿನೊಳಗೆ ಕೂತಿದ್ದ ಕಾವಲುಗಾರ: ಡಿಆರ್‌ಎಂ, ಅಂದರೆ ಡಿಜಿಟಲ್ ಹಕ್ಕು ನಿರ್ವಹಣೆಯ ತಂತ್ರಾಂಶ.

ನಕಲು ತಡೆಯುವುದು ಇದರ ಕೆಲಸ. ಗೇಮನ್ನು ಮೊದಲ ಸಲ ತೆರೆದಾಗ ಇದು ಪ್ರೊಸೆಸರ್ ಮುಂತಾದವುಗಳ ವಿವರ ಕಲೆಹಾಕಿ ಆ ಯಂತ್ರದ ‘ಬೆರಳಚ್ಚು’ ತಯಾರಿಸುತ್ತದೆ. ಅದನ್ನು ಸರ್ವರ್‌ಗೆ ಕಳಿಸಿ, ಆ ಯಂತ್ರಕ್ಕೆ ಮಾತ್ರ ಸಲ್ಲುವ ಪರವಾನಗಿ ತರಿಸಿಕೊಳ್ಳುತ್ತದೆ. ಆಮೇಲೂ ಬೆರಳಚ್ಚನ್ನು ತಾಳೆ ನೋಡುತ್ತಿರುತ್ತದೆ. ಆಲ್ಡರ್ ಲೇಕ್‌ನಲ್ಲಿ ಎರಡು ಬಗೆಯ ಕೋರ್‌ಗಳಿವೆ: ವೇಗದವು ಮತ್ತು ಕಡಿಮೆ ವಿದ್ಯುತ್ ಬಳಸುವವು. ಕೆಲಸ ಒಂದರಿಂದ ಇನ್ನೊಂದಕ್ಕೆ ದಾಟಿದಾಗ, ಹಳೆಯ ಡಿಆರ್‌ಎಂ ಇದು ಬೇರೆಯೇ ಕಂಪ್ಯೂಟರ್ ಎಂದು ಬಗೆಯಿತು. ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿ, ಸ್ಕ್ರೋಲ್ ಲಾಕ್ ಗುಂಡಿ ಒತ್ತಿ ಸಣ್ಣ ಕೋರ್‌ಗಳನ್ನು ಸುಮ್ಮನಾಗಿಸುವುದು ಸದ್ಯದ ಮದ್ದು ಎಂದಿತು ಇಂಟೆಲ್. ಯಾರೂ ಮುಟ್ಟದ ಆ ಗುಂಡಿಗೆ ಕಡೆಗೂ ಒಂದು ಉದ್ಯೋಗ ಸಿಕ್ಕಿತು! ಮುಂದೆ ಅಪ್‌ಡೇಟ್‌ಗಳು ಬಂದು ತೊಂದರೆ ನೀಗಿತೆನ್ನಿ. ಆದರೆ ಬೀಗ ಒಡೆದು ಹಂಚಿದ ಪ್ರತಿಯಲ್ಲಿ ಈ ತಪಾಸಣೆಯೇ ಇರುವುದಿಲ್ಲ. ಪರದಾಡಿದವರು ಬೆಲೆ ತೆತ್ತವರು.

ಹಿಂದೆ ಬೀಗ ಇರುತ್ತಿದ್ದದ್ದು ಸಿ.ಡಿ.ಯಲ್ಲಿ. ಸೇಫ್‌ಡಿಸ್ಕ್ ಎಂಬ ತಂತ್ರವು ಸುಲಭವಾಗಿ ನಕಲಿಸಲಾಗದ ದೋಷಗಳನ್ನು ಡಿಸ್ಕಿನಲ್ಲಿ ಬೇಕೆಂದೇ ಇಟ್ಟು, ವಿಂಡೋಸ್‌ನ ಒಡಲಾಳದಲ್ಲಿ ಕೂತ ಡ್ರೈವರ್ ಮೂಲಕ ಅವನ್ನು ಹುಡುಕುತ್ತಿತ್ತು. ಅಷ್ಟು ಆಳಕ್ಕೆ ಇಳಿದ ತಂತ್ರಾಂಶ ಸುರಕ್ಷತೆಗೆ ಅಪಾಯವೆಂದು ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10ರಿಂದ ಅದನ್ನು ಹೊರಗಿಟ್ಟಿತು. ಕಪಾಟಿನಲ್ಲಿ ಅಸಲಿ ಡಿಸ್ಕ್ ಗೀರಿಲ್ಲದೆ ಕೂತಿದ್ದರೂ ಗೇಮ್ ಓಡದಂತಾಯಿತು.

ಯುಬಿಸಾಫ್ಟ್ ಕಂಪನಿಯ ‘ದ ಕ್ರ್ಯೂ’ ಕಥೆ ಇನ್ನೂ ಕಟು. 2014ರ ಈ ಕಾರ್ ರೇಸಿಂಗ್ ಗೇಮನ್ನು ಒಬ್ಬರೇ ಆಡುವುದಕ್ಕೂ ಸರ್ವರ್ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ಮುಚ್ಚಿತು, ಗೇಮೂ ಸತ್ತಿತು. ಹೀಗೆ ಕೊಲ್ಲಬೇಡಿ ಎಂದು ಯುರೋಪಿನಲ್ಲಿ ನಡೆದ ಅಭಿಯಾನಕ್ಕೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದೆ.

ಬಿಡುಗಡೆಯಾದ ಮೊದಲ ವಾರಗಳಲ್ಲಿ ನಕಲು ಹರಡಿದರೆ ನಷ್ಟವೆಂಬ ಕಂಪನಿಗಳ ಅಳಲನ್ನು ನಾನು ಅಲ್ಲಗಳೆಯುವುದಿಲ್ಲ. ಆ ಅವಧಿ ಕಳೆದ ಮೇಲೂ ಬೀಗವನ್ನು ಉಳಿಸಿಕೊಳ್ಳುವುದಕ್ಕೆ ಸಮರ್ಥನೆ ಕಾಣುವುದಿಲ್ಲ. 2016ರಲ್ಲಿ ಬಂದ ‘ಡೂಮ್’ ಗೇಮಿನಿಂದ ಡೆನುವೊ ಎಂಬ ಬೀಗವನ್ನು ಅದೇ ವರ್ಷ ತೆಗೆದುಹಾಕಲಾಯಿತು. ಅಂದರೆ ಅದು ಸಾಧ್ಯ.

ನೀವು ಗೇಮ್ ಕೊಳ್ಳುವವರಾದರೆ, ಸ್ಟೀಮ್ ಅಂಗಡಿಯಲ್ಲಿ ಪ್ರತಿ ಗೇಮಿನ ಪುಟದ ಬದಿಯನ್ನು ಗಮನಿಸಿ: ಹೊರಗಿನ ಡಿಆರ್‌ಎಂ ಇದ್ದರೆ ಅಲ್ಲಿ ನಮೂದಾಗಿರುತ್ತದೆ. ಜಿಒಜಿ ಎಂಬ ತಾಣ 2008ರಿಂದ ಬೀಗವಿಲ್ಲದ ಪ್ರತಿಗಳನ್ನು ಮಾರುತ್ತಿದೆ. ಬೇಕಾದ ಗೇಮ್ ಅಲ್ಲಿದ್ದರೆ ಅಲ್ಲೇ ಕೊಳ್ಳಿ, ಇನ್‌ಸ್ಟಾಲರ್ ಇಳಿಸಿಕೊಂಡು ನಿಮ್ಮದೇ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.