ಮುತ್ತಜ್ಜನ ಅಪ್ಪ ಯಾರು? ಪುಣೆಯ ಚರ್ಚಿನಲ್ಲಿ ಕೇಳಿ

ಪುಣೆ ಕ್ಯಾಂಪಿನಲ್ಲಿ ಹುಟ್ಟಿದ ಮುತ್ತಜ್ಜ. ಅಪ್ಪ ಯಾರೋ ಗೋರಾ ಸಿಪಾಯಿ ಅನ್ನೋದಷ್ಟೇ ಮನೆಯವರ ಮಾತು. ಹುಡುಕೋದು ಎಲ್ಲಿ?

ಜನಗಣತಿಯಲ್ಲಂತೂ ಅಲ್ಲ. ಬ್ರಿಟಿಷರ ಕಾಲದ ಗಣತಿಯಿಂದ ನಮಗೆ ಉಳಿದದ್ದು ಬರೀ ಅಂಕಿಸಂಖ್ಯೆ. ಹೆಸರಿದ್ದ ಮನೆಮನೆಯ ಹಾಳೆ ಉಳಿದಿಲ್ಲ. ಇಂಗ್ಲೆಂಡಿನವರು 1921ರ ಹಾಳೆಯನ್ನೂ ಕೂತಲ್ಲೇ ಓದ್ತಾರೆ, ಪುಣ್ಯವಂತರು!

ನಮಗೆ ಚರ್ಚೇ ಗತಿ. ಪೇಶ್ವೆ ಸವಾಯಿ ಮಾಧವರಾವ್ ಜಾಗ ಕೊಟ್ಟ ಕ್ವಾರ್ಟರ್ ಗೇಟಿನ ಸಿಟಿ ಚರ್ಚ್, 1825ರ ಸೇಂಟ್ ಮೇರೀಸ್. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ತಂದೆಯ ಹೆಸರು, ಕಸುಬು, ಸಿಪಾಯಿಯಾದರೆ ರೆಜಿಮೆಂಟ್ ಕೂಡ ಸಿಗಬಹುದು. ಇಂಥ ದಾಖಲೆಗಳ ಎಷ್ಟೋ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಆದರೆ ಮನೆಯವರು ಹೇಳಿದ್ದೆಲ್ಲ ನಿಜವಲ್ಲ. ಹಾಲಿವುಡ್ ನಟಿ ಮರ್ಲ್ ಓಬೆರಾನ್ ಟಾಸ್ಮೇನಿಯಾದವಳು ಅಂತ ಹೇಳಿಕೊಂಡಳು. ಹುಟ್ಟಿದ್ದು ಮುಂಬೈಯಲ್ಲಿ, 1911ರಲ್ಲಿ. ಮಗಳೆಂದು ಸಾಕಿದ ಷಾರ್ಲೆಟ್ ಅಸಲಿಗೆ ಅಜ್ಜಿ. ಅಕ್ಕ ಅನ್ನಿಸಿಕೊಂಡ ಕಾನ್‌ಸ್ಟನ್ಸ್ ಹೆತ್ತಮ್ಮ! ಕಾನ್‌ಸ್ಟನ್ಸಳ ಮಗ ಹ್ಯಾರಿ ಮುಂಬೈಯ ಜನನ ದಾಖಲೆ ತೆಗೆಸಿದಾಗ, ಚಿಕ್ಕಮ್ಮ ಅಂದುಕೊಂಡಿದ್ದ ಮರ್ಲ್ ತನ್ನ ಅಕ್ಕ ಅಂತ ಗೊತ್ತಾಯ್ತು.

ಅದಕ್ಕೇ, ಮಗು ಹುಟ್ಟಿದಾಗ ತಾಯಿಗೆ ಐವತ್ತು ಸಮೀಪಿಸಿತ್ತು ಅನ್ನಿಸಿದರೆ, ಅದೇ ಮನೆಯ ದೊಡ್ಡ ಮಗಳ ದಾಖಲೆಯನ್ನೂ ತೆಗೆಸಿ ನೋಡಿ.