ಕೂಸಿಗೊಂದು ಕ್ಯಾಮೆರಾ

ನಮ್ಮ ವಿಜಯಪುರದ ಕಡೆ ಮನೆಯಲ್ಲಿ ಕೂಸು ಹುಟ್ಟಿತೆಂದರೆ ಏನೇನು ಕೊಡಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಬೆಳ್ಳಿಯ ಉಡದಾರ, ಕಾಲಿಗೆ ಕಡಗ, ಕುಂಚಿಗೆ, ತೊಟ್ಟಿಲು, ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಮೆತ್ತನೆಯ ಕೌದಿ. ಮೊಮ್ಮಗಳು ಬಾಣಂತನಕ್ಕೆ ಬಬಲೇಶ್ವರದ ತವರಿಗೆ, ಅಂದರೆ ನನ್ನ ಮಗಳ ಮನೆಗೆ, ಬಂದಾಗ ಇವೆಲ್ಲ ಎರಡೂ ಕಡೆಯಿಂದ ಬಂದುಬಿಟ್ಟಿದ್ದವು. ಉಡದಾರಗಳೇ ಮೂರಾಗಿದ್ದವು. ಅವಳ ಗಂಡನ ಮನೆ ತಿಕೋಟಾ, ದ್ರಾಕ್ಷಿ ಬೆಳೆಯುವವರು. ಅವರಿಗೆ ನಾನು ವಿಡಿಯೊ ಕ್ಯಾಮೆರಾ ಕೊಡುತ್ತೇನೆ ಎಂದೆ.

‘ಮುತ್ಯಾ, ಎಲ್ಲಾರ ಕೈಯಾಗೂ ಫೋನ್ ಅದಾವ. ಅದ್ಯಾಕ ಬೇಕು?’ ಎಂದ ಏಳನೆಯ ತರಗತಿಯ ಮೊಮ್ಮಗ.

ಸರಿಯಾದ ಪ್ರಶ್ನೆ. ಉತ್ತರಕ್ಕೆ ಅವನಿಗೊಂದು ಹಳೆಯ ಚಿತ್ರ ತೋರಿಸಿದೆ. 1999ರಲ್ಲಿ ಇದೇ ಮೊಮ್ಮಗಳ ಹೆಸರಿಡುವ ಕಾರ್ಯಕ್ಕೆ ಒಬ್ಬರನ್ನು ಗೊತ್ತುಮಾಡಿ ವಿಡಿಯೊ ತೆಗೆಸಿದ್ದೆವು. ವಿಎಚ್‌ಎಸ್ ಕ್ಯಾಸೆಟ್ಟು. ಅದನ್ನು ಹಾಕಿ ನೋಡುವ ಯಂತ್ರ ಈಗ ಮನೆಗಳಲ್ಲಿಲ್ಲ; ಅಂಥ ಯಂತ್ರ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ತಯಾರಿಕೆ ನಿಲ್ಲಿಸಿತು. ಹೋದ ವರ್ಷ ಅದನ್ನು ಪೆನ್‌ಡ್ರೈವಿಗೆ ಹಾಕಿಸಿದೆವು. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಚೆನ್ನಾಗಿದೆ. ನನ್ನ ಅವ್ವ ತೊಟ್ಟಿಲ ಹಗ್ಗ ಹಿಡಿದು ಜೋಗುಳ ಹಾಡುತ್ತಿದ್ದಾಳೆ. ತುಟಿ ಅಲುಗುತ್ತಿವೆ. ಕೇಳಿಸುವುದು ಮಾತ್ರ ಸಿನಿಮಾ ಹಾಡು! ವಿಡಿಯೊ ತೆಗೆದವರು ಕಾರ್ಯಕ್ರಮ ‘ಚಂದ ಕಾಣಲಿ’ ಎಂದು ಮೂಲ ಧ್ವನಿ ತೆಗೆದು ಸಿನಿಮಾ ಹಾಡು ಕೂಡಿಸಿದ್ದರು. ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಅವ್ವ ಹೋಗಿ ಹದಿನೆಂಟು ವರ್ಷವಾಯಿತು. ಅವಳ ದನಿ ಬೇರೆಲ್ಲೂ ಇಲ್ಲ.

ಹುಡುಗ ಸುಮ್ಮನೆ ಕುಳಿತ. ಆಮೇಲೆ, ‘ಮತ್ತ ಯಾವ ಕ್ಯಾಮೆರಾ ತಗೊಳ್ಳೋಣು?’ ಎಂದ.

ಮಕ್ಕಳೇ, ಮನೆಯ ಕೂಸನ್ನು ಚಲನಚಿತ್ರದಲ್ಲಿ ಹಿಡಿಯುವ ಆಸೆ ಸಿನಿಮಾದಷ್ಟೇ ಹಳೆಯದು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ಜನರಿಗೆ ಹತ್ತು ಪುಟ್ಟ ಚಿತ್ರ ತೋರಿಸಿದರು. ಒಂದೊಂದೂ ಒಂದು ನಿಮಿಷದೊಳಗೆ. ಅವುಗಳಲ್ಲೊಂದರಲ್ಲಿ ಅಣ್ಣ ಆಗಸ್ಟ್ ತನ್ನ ಪುಟ್ಟ ಮಗಳಿಗೆ ಚಮಚೆಯಿಂದ ಉಣ್ಣಿಸುತ್ತಾನೆ, ಪಕ್ಕದಲ್ಲಿ ಅವನ ಹೆಂಡತಿ. ಅದರಲ್ಲೂ ಧ್ವನಿಯಿರಲಿಲ್ಲ, ಆದರೆ ಆಗ ಅಂಥ ವಿದ್ಯೆಯೇ ಬಂದಿರಲಿಲ್ಲ. ಮುಂದೆ 1983ರಲ್ಲಿ ಸೋನಿಯವರು ಹೆಗಲ ಮೇಲಿಡುವ ಬೀಟಾಮೂವಿ ತಂದರು. ಅದು ಚಿತ್ರ ತೆಗೆಯುತ್ತಿತ್ತು, ತೋರಿಸುತ್ತಿರಲಿಲ್ಲ. ನೋಡಬೇಕೆಂದರೆ ಕ್ಯಾಸೆಟ್ಟು ತೆಗೆದು ಮನೆಯ ಯಂತ್ರಕ್ಕೆ ಹಾಕಬೇಕು. ನಾವು ಯಾವ ಕಂಪನಿಯದಿದ್ದರೂ ‘ಹ್ಯಾಂಡಿಕ್ಯಾಮ್’ ಅನ್ನುತ್ತೇವಲ್ಲ, ಅದೂ ಸೋನಿಯವರು 1985ರಲ್ಲಿ ಇಟ್ಟ ಹೆಸರೇ.

ನಾನು ಇಟ್ಟುಕೊಂಡ ದುಡ್ಡು 15 ಸಾವಿರ ರೂಪಾಯಿ. ಅಷ್ಟರಲ್ಲಿ ಎರಡು ದಾರಿ ಕಂಡವು. ಒಂದು, ಹೆಸರೇ ಕೇಳಿರದ ಕಂಪನಿಯ ಹೊಸ ಕ್ಯಾಮೆರಾ. ಡಬ್ಬದ ಮೇಲೆ 4ಕೆ, 48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್ ಎಂದೆಲ್ಲ ಬರೆದಿರುತ್ತದೆ. ಅಂಥವುಗಳಲ್ಲಿ ಜೂಮ್ ಬಹಳ ಸಲ ಡಿಜಿಟಲ್. ಅಂದರೆ ದೂರದ್ದನ್ನು ಮಸೂರ ಹತ್ತಿರ ತರುವುದಿಲ್ಲ. ತೆಗೆದ ಚಿತ್ರವನ್ನೇ ಹಿಗ್ಗಿಸುತ್ತದೆ, ರೊಟ್ಟಿ ತಟ್ಟಿದಷ್ಟೂ ತೆಳ್ಳಗಾದ ಹಾಗೆ. ಆಪ್ಟಿಕಲ್ ಜೂಮ್ ಎಂದು ಬರೆದಿದ್ದರೆ ಮಾತ್ರ ಅದು ಮಸೂರದ ಕೆಲಸ. ಇನ್ನೊಂದು ದಾರಿ, ಒಳ್ಳೆಯ ಕಂಪನಿಯ ಬಳಸಿದ ಹ್ಯಾಂಡಿಕ್ಯಾಮ್. ನನ್ನ ಒಲವು ಎರಡನೆಯದರತ್ತ.

ಆದರೆ ಬಳಸಿದ್ದನ್ನು ನಗದು ಎಣಿಸಿಕೊಂಡ ಹಾಗೆ ಅಲ್ಲೇ ನೋಡಿಕೊಳ್ಳಬೇಕು. ಅಂಗಡಿಯಲ್ಲಿ ನಾವು ಒಂದೂವರೆ ತಾಸು ಕೂತೆವು. ಬ್ಯಾಟರಿ ಪೂರ್ತಿ ತುಂಬಿಸಿ ರೆಕಾರ್ಡಿಂಗ್ ಹಚ್ಚಿಟ್ಟರೆ 25 ನಿಮಿಷಕ್ಕೇ ಕ್ಯಾಮೆರಾ ಕಣ್ಣು ಮುಚ್ಚಿತು; ಹೊಸ ಬ್ಯಾಟರಿಯ ಬೆಲೆ ಲೆಕ್ಕಕ್ಕೆ ಸೇರಿತು. ಲೈಟ್ ಆರಿಸಿ ಒಂದೇ ಬಲ್ಬ್ ಉಳಿಸಿ ನೋಡಿದೆವು, ಬಾಣಂತಿ ಕೋಣೆಯಲ್ಲಿ ಮಂದ ಬೆಳಕೇ ತಾನೆ? ಕ್ಯಾಮೆರಾಕ್ಕೆ ದೀಪವಿದ್ದರೂ ಎಳೆಗೂಸಿನ ಕಣ್ಣಿಗೆ ಅದನ್ನು ಹಿಡಿಯುವುದು ನನಗೆ ಸೇರದು. ಮೊಮ್ಮಗ ತನ್ನ ಶಾಲಾಚೀಲವನ್ನು ಎಡಗೈಯಲ್ಲಿ ಕೂಸಿನಂತೆ ಎತ್ತಿಕೊಂಡು ಬಲಗೈಯೊಂದರಲ್ಲೇ ಕ್ಯಾಮೆರಾ ತೆರೆದು, ಗುಂಡಿ ಒತ್ತಿ, ನಿಲ್ಲಿಸಿ ತೋರಿಸಿದ. ಅಂಗಡಿಯವರು ನಕ್ಕರು. ನನಗೆ ಅದೇ ಮುಖ್ಯ ಪರೀಕ್ಷೆಯಾಗಿತ್ತು. ಪರದೆ ತೆರೆದರೆ ಕ್ಯಾಮೆರಾ ಚಾಲೂ, ಹೆಬ್ಬೆರಳಿಗೆ ಸಿಗುವಂತೆ ಒಂದು ಗುಂಡಿ. ಅಷ್ಟಿದ್ದರೆ ನನ್ನಂಥವನೂ ಬಳಸಬಲ್ಲ.

ಕ್ಯಾಮೆರಾ 9,500, ಬ್ಯಾಟರಿ 1,200, 32 ಜಿಬಿಯ ಎರಡು ಕಾರ್ಡು 800, ಸ್ಟ್ಯಾಂಡ್ 900. ಒಟ್ಟು 12,400. ಒಂದು ಕಾರ್ಡಿಗೆ ಎಷ್ಟು ಹೊತ್ತಿನ ಚಿತ್ರ? ಸೆಕೆಂಡಿಗೆ 17 ಮೆಗಾಬಿಟ್‌ನಂತೆ ತುಂಬಿದರೆ ಸುಮಾರು ನಾಲ್ಕು ತಾಸು. ಎಂಟು ಬಿಟ್ಟಿಗೆ ಒಂದು ಬೈಟ್ ಎಂಬುದನ್ನು ಹಿಡಿದು ನೀವೇ ಲೆಕ್ಕ ಹಾಕಿ ನೋಡಿ; ನಮ್ಮ ಹುಡುಗನಿಗೆ ಎರಡನೆಯ ಸಲ ಸರಿ ಬಂತು.

ಇಷ್ಟು ದುಡ್ಡಿಲ್ಲದವರು ಚಿಂತಿಸಬೇಕಿಲ್ಲ. ಇರುವ ಫೋನಿಗೆ ಒಂದು ಸ್ಟ್ಯಾಂಡ್, ಒಂದು ದೊಡ್ಡ ಪೆನ್‌ಡ್ರೈವ್ ಕೊಟ್ಟರೂ ಒಳ್ಳೆಯ ಉಡುಗೊರೆಯೇ. ಫೋನಿನ ತೊಂದರೆ ಚಿತ್ರದ್ದಲ್ಲ. ನಡುವೆ ಕರೆ ಬರುತ್ತದೆ, ಜಾಗ ತುಂಬುತ್ತದೆ, ಎರಡು ವರ್ಷಕ್ಕೆ ಫೋನೇ ಬದಲಾಗುತ್ತದೆ.

ಬಬಲೇಶ್ವರದ ಮನೆಯ ಪಡಸಾಲೆ ಹೊಸದಾಗಿ ಕಟ್ಟಿದ ಆರ್‌ಸಿಸಿ. ಮೊದಲ ಸಲ ತೆಗೆದಾಗ ಮಾತೆಲ್ಲ ಗೋಲಗುಂಬಜದೊಳಗೆ ಕೂಗಿದಂತೆ ಗೊಂಯ್‌ಗುಟ್ಟಿತು. ಬರಿಯ ಗೋಡೆ, ಬರಿಯ ನೆಲ ಧ್ವನಿಯನ್ನು ತಿರುಗಿ ಎಸೆಯುತ್ತವೆ. ಮಗಳು ನಾಲ್ಕು ಕೌದಿ ತಂದು ಎರಡನ್ನು ಗೋಡೆಗೆ ತೂಗುಹಾಕಿ, ಎರಡನ್ನು ನೆಲಕ್ಕೆ ಹಾಸಿದಳು. ಕ್ಯಾಮೆರಾ ತೊಟ್ಟಿಲಿಗೆ ನಾಲ್ಕಡಿ ಸಮೀಪ, ಫ್ಯಾನ್ ಬಂದ್. ನನ್ನ ಹೆಂಡತಿ ನಾಚಿಕೊಂಡು, ‘ನಂದೇನ್ ಹಾಡ್ರೀ, ದನಿ ಒಡದೈತಿ’ ಎನ್ನುತ್ತಲೇ ಜೋಗುಳ ಶುರು ಮಾಡಿದಳು. ಆ ಮಾತೂ ದಾಖಲಾಗಿದೆ. ತೆಗೆದುಹಾಕಬೇಡಿ ಎಂದು ಹೇಳಿದ್ದೇನೆ.

ಈಗ ಕ್ಯಾಮೆರಾ ತಿಕೋಟಾದಲ್ಲಿದೆ. ತಿಂಗಳಿಗೊಮ್ಮೆ ಕಾರ್ಡಿನದನ್ನು ಎರಡು ಪೆನ್‌ಡ್ರೈವಿಗೆ ನಕಲು ಮಾಡುತ್ತಾರೆ. ಒಂದು ಅಲ್ಲಿ, ಒಂದು ವಿಜಯಪುರದ ನಮ್ಮ ಕಪಾಟಿನಲ್ಲಿ. ಮೇಲೆ ತಾರೀಖು ಬರೆದ ಚೀಟಿ. ಹೋದ ಸಲ ಬಂದದ್ದನ್ನು ಹಾಕಿ ನೋಡಿದೆವು. ಕೂಸು ಬೋರಲಾಗುವುದು ಆರು ನಿಮಿಷ, ಬೀಗರು ತಮ್ಮ ಶೆಡ್ಡಿನಲ್ಲಿ ಒಣದ್ರಾಕ್ಷಿ ಹೇಗೆ ಮಾಡುತ್ತಾರೆಂದು ವಿವರಿಸಿದ್ದು ನಲವತ್ತು ನಿಮಿಷ. ನಮ್ಮ ಹುಡುಗ ಎರಡನ್ನೂ ಪೂರ್ತಿ ನೋಡಿದ.